ರೆಪ್ಪೆಯ ಮೇಲೊಂದು ಗೆರೆ

ಕಣ್ಣಿನ ಮೇಲ್ರೆಪ್ಪೆಯಲ್ಲಿ ಒಂದು ಮಡಿಕೆ ಇರಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಯಾರನ್ನೂ ಅಷ್ಟಾಗಿ ಕಾಡಿದ್ದಿಲ್ಲ. ಇಲ್ಲಿ ಬಹುಪಾಲು ಜನರಿಗೆ ಆ ಮಡಿಕೆ ಹುಟ್ಟಿನಿಂದಲೇ ಇರುತ್ತದೆ. ಹಾಗಾಗಿ ಅದೊಂದು ಇದೆ ಎಂಬುದೇ ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಆದರೆ ದಕ್ಷಿಣ ಕೊರಿಯ, ಜಪಾನ್, ಚೀನಾಗಳ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಮಡಿಕೆ ಇರುವುದಿಲ್ಲವೆಂದು ವೈದ್ಯರು ಅಂದಾಜಿಸುತ್ತಾರೆ. ಕೆಲವೇ ಮಿಲಿಮೀಟರಿನ ಈ ಗೆರೆಗಾಗಿ ಕೊರಿಯದಲ್ಲಿ ಒಂದು ದೊಡ್ಡ ಉದ್ಯಮವೇ ನಿಂತಿದೆ. ರಾಜಧಾನಿ ಸಿಯೋಲ್‌ನ ಗಂಗ್ನಮ್ ಪ್ರದೇಶದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ನೂರಾರು ಕ್ಲಿನಿಕ್‌ಗಳಿವೆ. 2015ರಲ್ಲಿ ಗ್ಯಾಲಪ್ ಕೊರಿಯ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ 19ರಿಂದ 29 ವಯಸ್ಸಿನ ಮಹಿಳೆಯರ ಪೈಕಿ ಸುಮಾರು ಮೂವರಲ್ಲಿ ಒಬ್ಬರು ತಾವು ಯಾವುದಾದರೊಂದು ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವುದಾಗಿ ಹೇಳಿದ್ದರು. ಅದರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ರೆಪ್ಪೆಯದ್ದು. ನವೆಂಬರ್‌ನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮುಗಿಯುತ್ತಿದ್ದಂತೆ ಪರೀಕ್ಷೆ ಬರೆದವರಿಗೆಂದೇ ಕ್ಲಿನಿಕ್‌ಗಳು ರಿಯಾಯಿತಿ ಘೋಷಿಸುತ್ತವೆ. ನಮ್ಮಲ್ಲಿ ಪಿಯುಸಿ ಪಾಸಾದ ಮಗಳಿಗೆ ತಂದೆ ಮೊಬೈಲ್ ಕೊಡಿಸುವ ಹಾಗೆ ಅಲ್ಲಿ ಕೆಲವು ತಾಯ್ತಂದೆಯರು ಮಗಳಿಗೆ ರೆಪ್ಪೆಯ ಮಡಿಕೆ ಕೊಡಿಸುತ್ತಾರೆ.

ಇದನ್ನು ಓದಿದಾಗ ಎರಡು ಬಗೆಯ ಪ್ರತಿಕ್ರಿಯೆಗಳು ಸುಲಭವಾಗಿ ಬರುತ್ತವೆ. ಒಂದು, ನಗು. ಇನ್ನೊಂದು, ಖಂಡನೆ. ಎರಡರಿಂದಲೂ ವಿಷಯ ಅರ್ಥವಾಗುವುದಿಲ್ಲ. ಹುಟ್ಟಿದ ಮುಖವನ್ನು ಬೇಡವೆನ್ನುವ ಸ್ಥಿತಿಗೆ ಒಬ್ಬ ಹುಡುಗಿಯನ್ನು ತಂದು ನಿಲ್ಲಿಸುವವರು ಯಾರು ಎಂಬುದನ್ನು ನಾವಿಲ್ಲಿ ಪರಿಶೀಲಿಸಬೇಕಾಗಿದೆ. ಇದಕ್ಕೆ 2006ರಲ್ಲಿ ಕೊರಿಯದಲ್ಲೇ ತೆರೆಕಂಡ ಎರಡು ಚಲನಚಿತ್ರಗಳು ನಮಗೆ ನೆರವಾಗುತ್ತವೆ. ಅದಕ್ಕೂ ಮೊದಲು ಈ ಚಿಕಿತ್ಸೆಯ ಸ್ವರೂಪ ಮತ್ತು ಅದರ ಇತಿಹಾಸವನ್ನು ತಿಳಿದುಕೊಳ್ಳುವುದು ಅಗತ್ಯ.

ಕತ್ತರಿ ಮತ್ತು ಹೊಲಿಗೆ

ಕಣ್ಣು ತೆರೆಯುವಾಗ ಮೇಲ್ರೆಪ್ಪೆಯನ್ನು ಎತ್ತುವ ಸ್ನಾಯುವೊಂದಿದೆ. ಅದರ ಎಳೆಗಳು ರೆಪ್ಪೆಯ ಚರ್ಮಕ್ಕೆ ಅಂಟಿಕೊಂಡಿದ್ದರೆ ಚರ್ಮ ಅಲ್ಲಿ ಒಳಸರಿದು ಮಡಿಕೆಯಾಗುತ್ತದೆ. ಅಂಟಿಕೊಂಡಿಲ್ಲದಿದ್ದರೆ, ಒಳಗಿನ ಕೊಬ್ಬು ಸ್ವಲ್ಪ ಕೆಳಗಿನವರೆಗೆ ಇಳಿದಿದ್ದರೆ, ರೆಪ್ಪೆ ಮಡಿಕೆಯಿಲ್ಲದೆ ನಯವಾಗಿ ಕಾಣುತ್ತದೆ. ಇದರಲ್ಲಿ ರೋಗವೂ ಇಲ್ಲ, ಊನವೂ ಇಲ್ಲ, ದೃಷ್ಟಿಗೆ ತೊಂದರೆಯೂ ಇಲ್ಲ. ಶಸ್ತ್ರವೈದ್ಯರು ಮಾಡುವುದೇನೆಂದರೆ ಆ ಅಂಟನ್ನು ಕೃತಕವಾಗಿ ಉಂಟುಮಾಡುವುದು. ಇದರಲ್ಲಿ ಎರಡು ವಿಧಾನಗಳಿವೆ. ಒಂದರಲ್ಲಿ ಚರ್ಮವನ್ನು ಕೊಯ್ಯದೆ ಒಳಗಿನಿಂದ ಸಣ್ಣ ಹೊಲಿಗೆಗಳನ್ನು ಹಾಕಲಾಗುತ್ತದೆ. ಇನ್ನೊಂದರಲ್ಲಿ ಚರ್ಮವನ್ನು ಕೊಯ್ದು, ಬೇಕಾದರೆ ಒಂದಿಷ್ಟು ಚರ್ಮ ಮತ್ತು ಕೊಬ್ಬನ್ನು ತೆಗೆದು, ಮಡಿಕೆ ಬೇಕಾದ ಎತ್ತರದಲ್ಲಿ ಹೊಲಿಯಲಾಗುತ್ತದೆ. ಸಾಮಾನ್ಯವಾಗಿ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಎರಡೂ ಕಡೆ ಗೆರೆ ಸಮವಾಗಿ ಬಂದಿದೆಯೇ ಎಂದು ನೋಡಲು ಮಧ್ಯದಲ್ಲಿ ಕಣ್ಣು ತೆರೆದು ಮುಚ್ಚಲು ಹೇಳುವುದೂ ಉಂಟು.

ಮಾಡಿಸಿಕೊಂಡ ಮೊದಲ ದಿನಗಳಲ್ಲಿ ಕಣ್ಣು ಊದಿಕೊಂಡು ನೀಲಿಗಟ್ಟುತ್ತದೆ. ಹೊರಗಿನ ಹೊಲಿಗೆಗಳನ್ನು ಒಂದು ವಾರದೊಳಗೆ ಬಿಚ್ಚುತ್ತಾರೆ. ಎದ್ದುಕಾಣುವ ಊತ ಇಳಿಯಲು ಒಂದೆರಡು ವಾರ ಬೇಕು. ಗೆರೆ ತನ್ನ ನಿಜವಾದ ಆಕಾರಕ್ಕೆ ಬಂದು ನಿಲ್ಲಲು ತಿಂಗಳುಗಳೇ ಹಿಡಿಯುತ್ತವೆ. ಎರಡು ಕಣ್ಣುಗಳ ಗೆರೆ ಒಂದೇ ಸಮ ಬಾರದಿರುವುದು, ಹೊಲಿಗೆ ಸಡಿಲಾಗಿ ಗೆರೆ ಅಳಿಸಿಹೋಗುವುದು, ಕಲೆ ಉಳಿಯುವುದು, ಕಣ್ಣು ಒಣಗುವುದು, ಚರ್ಮ ಹೆಚ್ಚು ತೆಗೆದರೆ ರೆಪ್ಪೆ ಪೂರ್ತಿ ಮುಚ್ಚದಿರುವುದು, ಇವೆಲ್ಲ ಈ ಚಿಕಿತ್ಸೆಯ ಗೊತ್ತಿರುವ ತೊಂದರೆಗಳು. ಬಹಳ ಅಪರೂಪವಾಗಿ ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವವಾಗಿ ದೃಷ್ಟಿಯೇ ಹೋಗಬಹುದು. ನುರಿತ ವೈದ್ಯರ ಕೈಯಲ್ಲಿ ಹೆಚ್ಚಿನ ಚಿಕಿತ್ಸೆಗಳು ಸುಸೂತ್ರವಾಗಿಯೇ ಮುಗಿಯುತ್ತವೆ ಎಂಬುದನ್ನೂ ಹೇಳಬೇಕು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಾಯಿಲೆಯಿರುವವನು ಅಪಾಯವನ್ನು ಒಪ್ಪಿಕೊಳ್ಳುವುದು ಗುಣವಾಗುವ ಆಸೆಯಿಂದ. ಇಲ್ಲಿ ಆರೋಗ್ಯವಾಗಿರುವ ಕಣ್ಣನ್ನು ಅಪಾಯದ ಎದುರು ಇಡಲಾಗುತ್ತದೆ.

ಅಪಾಯ ಬರೀ ಮಾತಲ್ಲ. 2016ರಲ್ಲಿ ಸಿಯೋಲ್‌ನಲ್ಲಿ ದವಡೆಯ ಆಕಾರ ತಿದ್ದಿಸಿಕೊಳ್ಳಲು ಹೋದ ಯುವಕನೊಬ್ಬ ವಿಪರೀತ ರಕ್ತಸ್ರಾವದಿಂದ ತೀರಿಕೊಂಡ. ಅವನ ತಾಯಿ ಶಸ್ತ್ರಚಿಕಿತ್ಸಾ ಕೊಠಡಿಯ ಕ್ಯಾಮೆರಾ ದೃಶ್ಯಗಳನ್ನು ಪಡೆದು, ಅವನ್ನು ಮತ್ತೆ ಮತ್ತೆ ನೋಡಿ, ವೈದ್ಯರು ಮಗನನ್ನು ಬಿಟ್ಟು ಹೊರಗೆ ಹೋಗಿದ್ದನ್ನು ಜಗತ್ತಿಗೆ ತೋರಿಸಿದಳು. ಆಕೆಯ ವರ್ಷಗಳ ಹೋರಾಟದ ಫಲವಾಗಿ, ರೋಗಿಗೆ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ಮಾಡುವ ಕೊಠಡಿಗಳಲ್ಲಿ ಕ್ಯಾಮೆರಾ ಇರಲೇಬೇಕೆಂಬ ಕಾನೂನನ್ನು ಕೊರಿಯದ ಸಂಸತ್ತು 2021ರಲ್ಲಿ ಅಂಗೀಕರಿಸಿತು. 2023ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ನಮ್ಮ ಬೆಂಗಳೂರಿನಲ್ಲೂ 2022ರ ಮೇ ತಿಂಗಳಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ದೇಹದ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ಹೆಣವಾಗಿ ಹೊರಬಂದದ್ದು ನಮಗೆ ನೆನಪಿರಬೇಕು. ನಾಲ್ಕು ದಿನ ಟಿ.ವಿ. ವಾಹಿನಿಗಳು ಚರ್ಚೆ ನಡೆಸಿದವು, ಐದನೆಯ ದಿನ ಎಲ್ಲರೂ ಮರೆತರು.

ಒಬ್ಬ ದುಭಾಷಿಯ ಕಣ್ಣು

ರೆಪ್ಪೆಗೆ ಮಡಿಕೆ ಹಾಕುವ ಚಿಕಿತ್ಸೆಯನ್ನು ಮೊದಲಿಗೆ ಬರೆದಿಟ್ಟವರು ಜಪಾನಿನ ವೈದ್ಯ ಮಿಕಾಮೊ, 1896ರಲ್ಲಿ. ಕೊರಿಯದಲ್ಲಿ ಇದರ ಕತೆ ಯುದ್ಧದೊಂದಿಗೆ ತಳಕು ಹಾಕಿಕೊಂಡಿದೆ. 1953ರಲ್ಲಿ ಕೊರಿಯ ಯುದ್ಧ ನಿಂತ ಬಳಿಕ ಅಮೆರಿಕದ ಶಸ್ತ್ರವೈದ್ಯ ಡೇವಿಡ್ ರಾಲ್ಫ್ ಮಿಲಾರ್ಡ್ ಅಮೆರಿಕನ್ ಸೇನೆಯ ಜೊತೆ ಅಲ್ಲಿಗೆ ಹೋಗಿದ್ದರು. ಸುಟ್ಟ ಮುಖ, ಹರಿದ ತುಟಿಗಳನ್ನು ಸರಿಪಡಿಸುವುದು ಅವರ ಕೆಲಸವಾಗಿತ್ತು. ಅವರ ಬಳಿಗೆ ರೆಪ್ಪೆಯ ಚಿಕಿತ್ಸೆ ಕೇಳಿಕೊಂಡು ಬಂದವರಲ್ಲಿ ಒಬ್ಬ ಕೊರಿಯನ್ ದುಭಾಷಿಯೂ ಇದ್ದ. ತನ್ನ ಕಿರಿದಾದ ಕಣ್ಣುಗಳನ್ನು ನೋಡಿ ಅಮೆರಿಕನ್ನರು ತನ್ನನ್ನು ಕಪಟಿಯೆಂದು ಭಾವಿಸುತ್ತಾರೆ, ನಂಬುವುದಿಲ್ಲ ಎಂಬುದು ಅವನ ಅಳಲು. ಮಿಲಾರ್ಡ್ ಅವನ ರೆಪ್ಪೆ ಮಡಿಸಿ ಹೊಲಿದರು. 1955ರಲ್ಲಿ ಇದನ್ನೆಲ್ಲ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು.

ಈ ಪ್ರಸಂಗದಲ್ಲಿ ಇಡೀ ಸಮಸ್ಯೆಯ ಬೀಜವಿದೆ. ಅನುಮಾನ ಇದ್ದದ್ದು ನೋಡುವವನ ಮನಸ್ಸಿನಲ್ಲಿ. ಕತ್ತರಿ ಬಿದ್ದದ್ದು ನೋಡಿಸಿಕೊಂಡವನ ರೆಪ್ಪೆಗೆ. ಸೈನ್ಯ, ಡಾಲರ್, ನೌಕರಿ ಮೂರೂ ಒಂದೇ ಕಡೆ ಇದ್ದಾಗ ಬದಲಾಗಬೇಕಾದವನು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಹಾಗೆಂದು ಇಂದಿನ ಕೊರಿಯದ ಹುಡುಗಿಯರೆಲ್ಲ ಬಿಳಿಯರ ಕಣ್ಣನ್ನು ಅನುಕರಿಸುತ್ತಿದ್ದಾರೆ ಎಂದು ಹೇಳಿಬಿಡುವುದು ಸರಿಯಲ್ಲ. ಅವರು ಆ ಮಾತನ್ನು ಒಪ್ಪುವುದಿಲ್ಲ, ಅದಕ್ಕೆ ಅವರ ಬಳಿ ಕಾರಣವೂ ಇದೆ. ಅವರದೇ ಜನರಲ್ಲಿ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಮಡಿಕೆ ಇದೆ. ಅವರು ಕೇಳುತ್ತಿರುವುದು ಅಕ್ಕನಿಗಿರುವ ಮಡಿಕೆಯನ್ನು, ಕಿರುತೆರೆಯ ನಾಯಕಿಗಿರುವ ಮಡಿಕೆಯನ್ನು. ವಸಾಹತು ಕಾಲದ ಅಳುಕು, ಯುದ್ಧ ಕಾಲದ ಬಡತನ, ಆನಂತರದ ಸಿನಿಮಾ ಮತ್ತು ಪಾಪ್ ಸಂಗೀತದ ಮಾರುಕಟ್ಟೆ, ಇವೆಲ್ಲ ಒಂದರ ಮೇಲೊಂದು ಕೂತು ಇಂದಿನ ಮಾನದಂಡ ತಯಾರಾಗಿದೆ. ಇದಕ್ಕೆ ನೌಕರಿಯ ಪ್ರಶ್ನೆಯನ್ನೂ ಸೇರಿಸಬೇಕು. ಕೊರಿಯದಲ್ಲಿ ಉದ್ಯೋಗದ ಅರ್ಜಿಗೆ ಭಾವಚಿತ್ರ ಅಂಟಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. 2017ರಲ್ಲಿ ಸರ್ಕಾರಿ ವಲಯದ ನೇಮಕಾತಿಯಲ್ಲಿ ಭಾವಚಿತ್ರ, ಊರು, ಕುಟುಂಬದ ವಿವರಗಳನ್ನು ಕೇಳದಿರುವ ಪದ್ಧತಿ ತಂದರು. 2019ರಲ್ಲಿ ಎತ್ತರ, ತೂಕ, ರೂಪಗಳ ಬಗ್ಗೆ ಅರ್ಜಿಯಲ್ಲಿ ಕೇಳುವುದನ್ನು ನಿಷೇಧಿಸುವ ಕಾನೂನು ತಿದ್ದುಪಡಿ ಜಾರಿಗೆ ಬಂತು. ಇಂಥ ಕಾನೂನು ಬೇಕಾಯಿತು ಎಂಬುದೇ ಹಿಂದೆ ಏನು ನಡೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ. ಮುಖ ನೋಡಿ ಕೆಲಸ ಕೊಡುವ ಕಡೆ ಮುಖಕ್ಕೆ ಖರ್ಚು ಮಾಡುವುದನ್ನು ಹುಚ್ಚು ಎನ್ನಲಾಗದು. ಅದು ಬಡಪಾಯಿಯೊಬ್ಬಳು ಹಾಕಿದ ಲೆಕ್ಕಾಚಾರ.

ಎರಡು ಚಿತ್ರಗಳು, ಎರಡು ಸುಳ್ಳುಗಳು

2006ರ ಒಂದು ಚಿತ್ರ ಕಿಮ್ ಕಿ-ದುಕ್ ನಿರ್ದೇಶನದ ‘ಟೈಮ್’. ಭಾರತದ ಚಿತ್ರೋತ್ಸವಗಳ ಪ್ರೇಕ್ಷಕರಿಗೆ ಈ ನಿರ್ದೇಶಕನ ಹೆಸರು ಚೆನ್ನಾಗಿ ಗೊತ್ತು. 2013ರಲ್ಲಿ ಕೇರಳದ ಚಿತ್ರೋತ್ಸವಕ್ಕೆ ಬಂದಾಗ ತಾರೆಯರಿಗೆ ಸಿಗುವಂಥ ಸ್ವಾಗತ ಅವರಿಗೆ ಸಿಕ್ಕಿತ್ತು. ಚಿತ್ರ ಶುರುವಾಗುವುದೇ ಶಸ್ತ್ರಚಿಕಿತ್ಸೆಯ ನೈಜ ದೃಶ್ಯಗಳಿಂದ. ಚರ್ಮ ಕೊಯ್ಯುವುದನ್ನು, ಹೊಲಿಯುವುದನ್ನು ಕ್ಯಾಮೆರಾ ಸಮೀಪದಿಂದ ತೋರಿಸುತ್ತದೆ. ನೋಡಲಾರದೆ ಕಣ್ಣು ಮುಚ್ಚಿಕೊಳ್ಳುವವರೇ ಹೆಚ್ಚು.

ಕತೆಯ ನಾಯಕಿ ಸೇ-ಹೀಗೆ ಒಂದು ಭಯ. ಎರಡು ವರ್ಷದಿಂದ ಜೊತೆಗಿರುವ ಪ್ರಿಯಕರ ಜೀ-ವೂಗೆ ತನ್ನ ಮುಖ ಹಳತಾಗಿದೆ, ಬೇಸರ ಬಂದಿದೆ ಎಂಬ ಭಯ. ಅವನು ಬೇರೆ ಹೆಣ್ಣಿನ ಜೊತೆ ಎರಡು ಮಾತಾಡಿದರೂ ರಂಪ ಮಾಡುತ್ತಾಳೆ. ಒಂದು ದಿನ ಹೇಳದೆ ಕೇಳದೆ ಮಾಯವಾಗಿ ಸೌಂದರ್ಯ ವೈದ್ಯನ ಬಳಿಗೆ ಹೋಗುತ್ತಾಳೆ. ನೀನು ಈಗಲೇ ಚೆನ್ನಾಗಿದ್ದೀಯಲ್ಲ ಎನ್ನುವ ವೈದ್ಯ ಅವಳ ಮನಸ್ಸು ಬದಲಾಗಲೆಂದು ಶಸ್ತ್ರಚಿಕಿತ್ಸೆಯ ವಿಡಿಯೊ ತೋರಿಸುತ್ತಾನೆ. ಅವಳು ಜಗ್ಗುವುದಿಲ್ಲ. ಅವಳಿಗೆ ಬೇಕಾಗಿರುವುದು ಹೆಚ್ಚಿನ ಚೆಲುವಿನ ಮುಖವೂ ಅಲ್ಲ, ಹೊಸ ಮುಖ ಅಷ್ಟೆ. ಆರು ತಿಂಗಳ ಬಳಿಕ ಸೀ-ಹೀ ಎಂಬ ಹೆಸರಿನಲ್ಲಿ ಅವಳು ಜೀ-ವೂನ ಬದುಕಿಗೆ ಮರಳುತ್ತಾಳೆ. ಅವನು ಹೊಸಬಳನ್ನು ಪ್ರೀತಿಸತೊಡಗುತ್ತಾನೆ, ಆದರೆ ಹಳಬಳನ್ನು ಮರೆಯುವುದಿಲ್ಲ. ಈಗ ಅವಳ ಪ್ರತಿಸ್ಪರ್ಧಿ ಅವಳದೇ ಹಳೆಯ ಮುಖ. ತನ್ನ ಹಿಂದಿನ ಭಾವಚಿತ್ರವನ್ನೇ ಮುಖವಾಡ ಮಾಡಿ ಹಾಕಿಕೊಂಡು ಅವಳು ಅವನೆದುರು ಬಂದು ಕೂರುವ ದೃಶ್ಯ ಚಿತ್ರದ ಅತ್ಯಂತ ಪರಿಣಾಮಕಾರಿ ಭಾಗ. ಸತ್ಯ ತಿಳಿದ ಅವನೂ ಅದೇ ವೈದ್ಯನ ಬಳಿ ಹೋಗಿ ಮುಖ ಬದಲಿಸಿಕೊಂಡು ಕಣ್ಮರೆಯಾಗುತ್ತಾನೆ. ದಾರಿಯಲ್ಲಿ ಸಿಗುವ ಪ್ರತಿ ಗಂಡಸಿನಲ್ಲೂ ಅವಳು ಅವನನ್ನು ಹುಡುಕುವಂತಾಗುತ್ತದೆ. ಕೊನೆಗೆ ಅವಳು ಮತ್ತೊಮ್ಮೆ ಕತ್ತರಿಗೆ ಮುಖವೊಡ್ಡುತ್ತಾಳೆ. ಚಿತ್ರ ಆರಂಭವಾದ ಜಾಗಕ್ಕೇ ಬಂದು ನಿಲ್ಲುತ್ತದೆ.

ಮನುಷ್ಯರ ನಡುವಣ ಸಂಬಂಧವನ್ನೂ ಮಾರುಕಟ್ಟೆಯ ಸರಕಿನಂತೆ ಹಳತು, ಹೊಸತು ಎಂದು ಅಳೆಯುವ ರೋಗವನ್ನು ಈ ಚಿತ್ರ ಸರಿಯಾಗಿ ಹಿಡಿದಿದೆ. ಮಾಡೆಲ್ ಬದಲಿಸಿದ ಮಾತ್ರಕ್ಕೆ ಭಯ ಹೋಗುವುದಿಲ್ಲ, ಹೊಸ ಮುಖವೂ ಒಂದು ದಿನ ಹಳತಾಗುತ್ತದೆ ಎಂಬ ತರ್ಕವನ್ನು ಅದು ಕೊನೆಯವರೆಗೆ ಒಯ್ಯುತ್ತದೆ. ಆದರೆ ಇಡೀ ಸಮಸ್ಯೆಯನ್ನು ಅದು ಒಬ್ಬ ಹೆಣ್ಣಿನ ಸಂಶಯ ಪ್ರವೃತ್ತಿಯ ಮೇಲೆ ಹೊರಿಸುತ್ತದೆ. ಸೇ-ಹೀ ಬಡವಳಲ್ಲ, ಅವಳಿಗೆ ನೌಕರಿಯ ಅರ್ಜಿಗೆ ಭಾವಚಿತ್ರ ಅಂಟಿಸುವ ಚಿಂತೆಯಿಲ್ಲ, ಮುಖ ಸರಿಯಿಲ್ಲವೆಂದು ಮೂದಲಿಸುವ ನೆಂಟರಿಷ್ಟರಿಲ್ಲ. ಸಮಾಜವನ್ನೆಲ್ಲ ಕೋಣೆಯಿಂದ ಹೊರಗಟ್ಟಿ ಬಾಗಿಲು ಹಾಕಿಕೊಂಡು ಒಬ್ಬ ಹುಚ್ಚಿಯನ್ನು ತೋರಿಸಿದಂತಿದೆ. ಈ ನಿರ್ದೇಶಕನ ಮೇಲೆ 2017 ಮತ್ತು 2018ರಲ್ಲಿ ನಟಿಯರು ದೌರ್ಜನ್ಯದ ಗಂಭೀರ ಆರೋಪಗಳನ್ನು ಮಾಡಿದರು. ಲೈಂಗಿಕ ಆರೋಪಗಳನ್ನು ಅವರು ನಿರಾಕರಿಸಿದರು. 2020ರ ಡಿಸೆಂಬರ್‌ನಲ್ಲಿ ಲಾಟ್ವಿಯಾದಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಕೃತಿಯನ್ನು ಕರ್ತೃವಿನ ನಡತೆಯಿಂದ ಮಾತ್ರ ಅಳೆಯಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಹೆಣ್ಣಿನ ಮುಖವನ್ನು ಕೊಯ್ಯುವುದನ್ನು ಅಷ್ಟು ಸಮೀಪದಿಂದ ನೋಡುವ ಕ್ಯಾಮೆರಾ, ಆಕೆಯನ್ನು ಹಾಗೆ ನೋಡುವ ಗಂಡಸಿನ ಕಡೆಗೆ ತಿರುಗುವುದೇ ಇಲ್ಲವೇಕೆ ಎಂಬ ಪ್ರಶ್ನೆಯನ್ನು ಚಿತ್ರವನ್ನು ಮತ್ತೆ ನೋಡುವಾಗ ಕೇಳದಿರಲು ಸಾಧ್ಯವಿಲ್ಲ.

ಅದೇ ವರ್ಷದ ಇನ್ನೊಂದು ಚಿತ್ರ ಕಿಮ್ ಯೊಂಗ್-ಹ್ವಾ ನಿರ್ದೇಶನದ ‘200 ಪೌಂಡ್ಸ್ ಬ್ಯೂಟಿ’. ಜಪಾನಿನ ಚಿತ್ರಕತೆಯೊಂದನ್ನು ಆಧರಿಸಿದ ಈ ಹಾಸ್ಯಚಿತ್ರ ಕೊರಿಯದಲ್ಲಿ ಭರ್ಜರಿಯಾಗಿ ಓಡಿತು. ಇದರ ನಾಯಕಿ ಹನ್ನಾಳದು ಅದ್ಭುತ ಕಂಠ, ಆದರೆ ದೇಹ ದಪ್ಪ. ವೇದಿಕೆಯ ಮೇಲೆ ಸುಂದರಿಯೊಬ್ಬಳು ತುಟಿ ಆಡಿಸುತ್ತಾಳೆ, ಪರದೆಯ ಹಿಂದೆ ನಿಂತು ಹಾಡುವವಳು ಹನ್ನಾ. ತಾನು ಮೆಚ್ಚಿದ ಗಂಡಸು ತನ್ನನ್ನು ಬಳಸಿಕೊಳ್ಳುತ್ತಿದ್ದಾನೆಂದು ಗೊತ್ತಾದಾಗ ಅವಳು ಅಡಿಯಿಂದ ಮುಡಿಯವರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜೆನ್ನಿ ಎಂಬ ಹೆಸರಿನಲ್ಲಿ ಮರಳುತ್ತಾಳೆ. ಈಗ ಅವಳಿಗೆ ದಾರಿಯಲ್ಲಿ ಎಲ್ಲರೂ ನಗುನಗುತ್ತಾ ಜಾಗ ಬಿಡುತ್ತಾರೆ. ಗುಟ್ಟು ಬಯಲಾಗದಿರಲು ಅವಳು ಮಾನಸಿಕವಾಗಿ ಅಸ್ವಸ್ಥನಾದ ಸ್ವಂತ ತಂದೆಯನ್ನೇ ಗುರುತಿಸದವಳಂತೆ ನಟಿಸಬೇಕಾಗುತ್ತದೆ. ಮುಖ ಬದಲಿಸುವುದೆಂದರೆ ಹುಟ್ಟಿದ ಮನೆಯ ಹೊಸ್ತಿಲನ್ನೇ ಒರೆಸಿಹಾಕುವುದು ಎಂಬುದನ್ನು ಈ ದೃಶ್ಯ ‘ಟೈಮ್’ ಚಿತ್ರಕ್ಕಿಂತ ಚೆನ್ನಾಗಿ ಹೇಳುತ್ತದೆ. ಯಾವ ಕಲಾತ್ಮಕ ಚಿತ್ರದ ಹೆಗ್ಗಳಿಕೆಯೂ ಇಲ್ಲದ ಒಂದು ಜನಪ್ರಿಯ ಹಾಸ್ಯಚಿತ್ರ ಕುಟುಂಬವನ್ನೂ ದುಡಿಮೆಯನ್ನೂ ಚಿತ್ರದೊಳಗೆ ತಂದಿದೆ ಎಂಬುದನ್ನು ವಿಮರ್ಶಕರು ಗಮನಿಸಬೇಕು.

ಆದರೆ ಅಂತ್ಯದಲ್ಲಿ ಚಿತ್ರ ಜಾರಿಬೀಳುತ್ತದೆ. ತುಂಬಿದ ಸಭೆಯಲ್ಲಿ ಜೆನ್ನಿ ಅಳುತ್ತಾ ಸತ್ಯ ಒಪ್ಪಿಕೊಳ್ಳುತ್ತಾಳೆ, ಪ್ರೇಕ್ಷಕರು ಕರಗಿ ಕ್ಷಮಿಸುತ್ತಾರೆ. ದಪ್ಪಗಿದ್ದಾಗಲೇ ಅವಳನ್ನು ವೇದಿಕೆಗೆ ಬಿಡದ ತಪ್ಪಿಗೆ ಯಾರು ಯಾರ ಕ್ಷಮೆ ಕೇಳಬೇಕಿತ್ತು? ಅನ್ಯಾಯಕ್ಕೊಳಗಾದವಳೇ ಕ್ಷಮೆ ಕೇಳುತ್ತಾಳೆ, ಅನ್ಯಾಯ ಮಾಡಿದವರು ಉದಾರಿಗಳಾಗಿ ಮನೆಗೆ ಹೋಗುತ್ತಾರೆ. ಹೊಸ ಸುಂದರ ಮುಖ ಇದ್ದದ್ದರಿಂದಲೇ ಆ ಕ್ಷಮೆ ಸಿಕ್ಕಿತು ಎಂಬುದನ್ನು ಚಿತ್ರ ಹೇಳುವುದಿಲ್ಲ.

ನಿಜ ಜೀವನದ ಕೊರಿಯ ಇಷ್ಟು ಸುಲಭವಾಗಿ ಕ್ಷಮಿಸುವುದೂ ಇಲ್ಲ. ಚಿಕಿತ್ಸೆ ಮಾಡಿಸಿಕೊಂಡದ್ದು ಎದ್ದುಕಾಣುವ ಹೆಣ್ಣನ್ನು ‘ಗಂಗ್ನಮ್ ಸುಂದರಿ’ ಎಂದು ಹಂಗಿಸುವ ಮಾತೊಂದು ಅಲ್ಲಿ ಚಾಲ್ತಿಯಲ್ಲಿದೆ. 2018ರಲ್ಲಿ ಇದೇ ಬೈಗುಳವನ್ನು ಶೀರ್ಷಿಕೆಯಲ್ಲಿಟ್ಟುಕೊಂಡ ಟಿ.ವಿ. ಧಾರಾವಾಹಿಯೊಂದು ಬಂತು. ಚಿಕ್ಕಂದಿನಿಂದ ಕುರೂಪಿಯೆಂದು ಹಂಗಿಸಲ್ಪಟ್ಟ ಹುಡುಗಿ ಕಾಲೇಜು ಸೇರುವ ಮೊದಲು ಚಿಕಿತ್ಸೆ ಮಾಡಿಸಿಕೊಳ್ಳುತ್ತಾಳೆ. ಕಾಲೇಜಿನಲ್ಲಿ ಕೃತಕ ಮುಖದವಳೆಂದು ಮತ್ತೆ ಹಂಗಿಸಲ್ಪಡುತ್ತಾಳೆ. ಅದೇ ವರ್ಷ ಅಲ್ಲಿನ ಅನೇಕ ಯುವತಿಯರು ಪ್ರಸಾಧನಗಳನ್ನು ಒಡೆದುಹಾಕಿ, ಕೂದಲು ಕತ್ತರಿಸಿಕೊಂಡು, ಸೌಂದರ್ಯದ ಬಿಗಿ ಕವಚವನ್ನು ಕಳಚುತ್ತೇವೆಂದು ಘೋಷಿಸಿದ ಚಳವಳಿಯೊಂದು ಹುಟ್ಟಿದ್ದು ಆಕಸ್ಮಿಕವೇನಲ್ಲ.

ಧರ್ಮ ಏನು ಹೇಳುತ್ತದೆ?

ಇಂಥ ವಿಷಯ ಬಂದಾಗ ನಮ್ಮ ಓದುಗರಲ್ಲಿ ಹಲವರು ಹಲಾಲೋ ಹರಾಮೋ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಒಂದು ಪದದಲ್ಲಿ ಮುಗಿಯುವುದಿಲ್ಲ.

ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಮನುಷ್ಯರನ್ನು ಪ್ರೇರೇಪಿಸುವೆನೆಂದು ಶೈತಾನನು ಪಣತೊಟ್ಟ ಪ್ರಸ್ತಾಪ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದಲ್ಲಿದೆ. ಇದು ದೇಹದ ಬದಲಾವಣೆಯನ್ನು ಕುರಿತದ್ದೆಂದು ಕೆಲವು ವ್ಯಾಖ್ಯಾನಕಾರರು, ಅಲ್ಲಾಹನು ಕೊಟ್ಟ ಸಹಜ ಧರ್ಮವನ್ನು ಕೆಡಿಸುವುದನ್ನು ಕುರಿತದ್ದೆಂದು ಇನ್ನು ಕೆಲವರು ಹೇಳಿದ್ದಾರೆ. ಸೌಂದರ್ಯಕ್ಕಾಗಿ ಹಚ್ಚೆ ಹಾಕಿಸುವುದು, ಹುಬ್ಬು ಕೀಳುವುದು, ಹಲ್ಲುಗಳ ನಡುವೆ ಅರದಿಂದ ಸಂದು ಮಾಡಿಸುವುದನ್ನು ಖಂಡಿಸುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇನ್ನೊಂದು ಕಡೆ ಅರ್ಫಜ(ರ) ಅವರ ಪ್ರಸಂಗವಿದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ವಾಸನೆ ಬರತೊಡಗಿದಾಗ ಬಂಗಾರದ ಮೂಗು ಹಾಕಿಸಿಕೊಳ್ಳುವಂತೆ ಪ್ರವಾದಿ(ಸ) ಸೂಚಿಸಿದರು. ಗಂಡಸರಿಗೆ ಬಂಗಾರ ನಿಷಿದ್ಧವಾಗಿರುವಾಗಲೂ ಮುಖದ ಊನ ಸರಿಪಡಿಸಲು ಅದಕ್ಕೆ ಅನುಮತಿ ಸಿಕ್ಕಿತು ಎಂಬುದು ಗಮನಾರ್ಹ. ಈ ಆಧಾರಗಳನ್ನೆಲ್ಲ ಪರಿಶೀಲಿಸಿ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಒಂದು ನಿರ್ಣಯಕ್ಕೆ ಬಂತು. ಹುಟ್ಟಿನಿಂದಲೋ ಅಪಘಾತ, ರೋಗಗಳಿಂದಲೋ ಆದ ಊನವನ್ನು ಸರಿಪಡಿಸುವ ಚಿಕಿತ್ಸೆಗೆ ಅನುಮತಿಯಿದೆ. ಸಹಜವಾಗಿರುವ ರೂಪವನ್ನು ಬರೀ ಖಯಾಲಿಗಾಗಿ, ಇನ್ನೊಬ್ಬರ ಅನುಕರಣೆಗಾಗಿ ಬದಲಿಸುವುದಕ್ಕೆ ಇಲ್ಲ.

ಈ ವಿಂಗಡಣೆ ರೆಪ್ಪೆಯ ವಿಷಯದಲ್ಲಿ ಬಹಳ ಉಪಯುಕ್ತ. ವಯಸ್ಸಾದವರ ರೆಪ್ಪೆಯ ಚರ್ಮ ಜೋತುಬಿದ್ದು ದೃಷ್ಟಿಗೆ ಅಡ್ಡ ಬರುವುದುಂಟು. ಹುಟ್ಟಿನಿಂದಲೇ ರೆಪ್ಪೆ ಇಳಿಬಿದ್ದ ಮಗುವಿಗೆ ಸಕಾಲದಲ್ಲಿ ಚಿಕಿತ್ಸೆ ಮಾಡದಿದ್ದರೆ ಆ ಕಣ್ಣಿನ ದೃಷ್ಟಿ ಬಲಿಯದೆ ಉಳಿಯಬಹುದು. ಕುಷ್ಠರೋಗದಿಂದ ಮುಖದ ನರ ಸೋತವರಿಗೆ ರೆಪ್ಪೆ ಮುಚ್ಚಲು ಆಗುವುದಿಲ್ಲ. ನಿದ್ದೆಯಲ್ಲೂ ತೆರೆದೇ ಇರುವ ಕಣ್ಣು ಒಣಗಿ, ಹುಣ್ಣಾಗಿ ಕುರುಡಾಗುತ್ತದೆ. ಟ್ರಕೋಮಾ ಎಂಬ ಸೋಂಕಿನಲ್ಲಿ ರೆಪ್ಪೆ ಒಳಮಡಚಿ ಕೂದಲು ಕಣ್ಣಿನ ಕರಿಗುಡ್ಡೆಯನ್ನು ಉಜ್ಜುತ್ತದೆ. ಭಾರತದಲ್ಲಿ ಇದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿತು. ಇದೇ ಒಳಮಡಚಿದ ರೆಪ್ಪೆಗೆ ಸಾವಿರ ವರ್ಷಗಳ ಹಿಂದೆಯೇ ಬಗ್ದಾದಿನ ನೇತ್ರವೈದ್ಯ ಅಲಿ ಇಬ್ನ್ ಈಸಾ, ಸ್ಪೇನಿನ ಕೊರ್ಡೋವಾದ ಶಸ್ತ್ರವೈದ್ಯ ಅಝ್ಝಹ್ರಾವಿ ಚಿಕಿತ್ಸೆ ಬರೆದಿಟ್ಟಿದ್ದಾರೆ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲೂ ರೆಪ್ಪೆಯ ರೋಗಗಳಿಗೆ ಶಸ್ತ್ರಕ್ರಿಯೆಗಳಿವೆ. ಈ ವೈದ್ಯರು ರೆಪ್ಪೆಗೆ ಕತ್ತರಿ ಹಾಕಿದ್ದು ಕಣ್ಣು ಉಳಿಸಲು.

ಅಲಂಕಾರವನ್ನೇ ಇಸ್ಲಾಮ್ ಬೇಡವೆನ್ನುತ್ತದೆ ಎಂಬ ತಪ್ಪು ಕಲ್ಪನೆಯೂ ನಮ್ಮಲ್ಲಿದೆ. ಸುರ್ಮಾ ಹಚ್ಚುವುದನ್ನು ಪ್ರವಾದಿವರ್ಯರು ಪ್ರೋತ್ಸಾಹಿಸಿದ್ದರು. ಹೆಣ್ಮಕ್ಕಳ ಕೈಗೆ ಮದರಂಗಿಯಿಲ್ಲದೆ ನಮ್ಮಲ್ಲಿ ಹಬ್ಬ ಹಬ್ಬವೆನಿಸುವುದಿಲ್ಲ. ಇರುವುದನ್ನು ಚಂದ ಮಾಡಿಕೊಳ್ಳುವುದಕ್ಕೂ ಇರುವುದನ್ನು ತಿರಸ್ಕರಿಸುವುದಕ್ಕೂ ನಡುವಣ ಗೆರೆಯನ್ನು ನಮ್ಮ ಅಜ್ಜಿಯಂದಿರು ಯಾವ ಫತ್ವಾ ಇಲ್ಲದೆಯೂ ತಿಳಿದಿದ್ದರು.

ನಮ್ಮ ಮನೆಯ ಕನ್ನಡಿ

ಆದರೆ ನಿರ್ಣಯವೊಂದನ್ನು ಉದ್ಧರಿಸಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಫಿಕ್ಹ್ ಅಕಾಡೆಮಿಯ ನಿರ್ಣಯ ಮಾತಾಡುವುದು ಚಿಕಿತ್ಸೆ ಮಾಡಿಸಿಕೊಳ್ಳುವವಳ ಮತ್ತು ಮಾಡುವ ವೈದ್ಯನ ಬಗ್ಗೆ. ಅವಳನ್ನು ಅಲ್ಲಿಗೆ ದೂಡಿದವರ ಬಗ್ಗೆ ಯಾರು ಮಾತಾಡಬೇಕು?

ನಮ್ಮಲ್ಲಿ ರೆಪ್ಪೆಯ ಜಾಗದಲ್ಲಿ ಚರ್ಮದ ಬಣ್ಣವಿದೆ. ಹೆಣ್ಣು ನೋಡಲು ಹೋದವರು ದೀನ್ ನೋಡುತ್ತೇವೆಂದು ಹೇಳಿ, ತಿಂಡಿ ತಿಂದು, ಚಹಾ ಕುಡಿದು, ಮನೆಗೆ ಬಂದ ಮೇಲೆ ಹುಡುಗಿ ಸ್ವಲ್ಪ ಕಪ್ಪಾದಳು ಎನ್ನುತ್ತಾರೆ. ಬಣ್ಣ ಕಡಿಮೆಯಾದಷ್ಟೂ ವರದಕ್ಷಿಣೆಯ ಮೊತ್ತ ಏರುತ್ತದೆ. ಮಹ್ರ್ ಕೊಡಬೇಕಾದ ಗಂಡು ಬಣ್ಣಕ್ಕೆ ದಂಡ ವಸೂಲಿ ಮಾಡುತ್ತಾನೆ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು 2020ರಲ್ಲಿ ಜಗತ್ತಿನ ಟೀಕೆಗೆ ಮಣಿದು ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದ ಮಾತ್ರಕ್ಕೆ ವಧು ಬೇಕಾಗಿದ್ದಾಳೆ ಎಂಬ ಜಾಹೀರಾತುಗಳ ಭಾಷೆಯೇನೂ ಬದಲಾಗಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಹೆಣ್ಣನ್ನು ಅಳತೆಪಟ್ಟಿಗೆ ಇಳಿಸಬೇಡಿ ಎಂದು ಎಡಪಂಥೀಯರಿಂದ ಧಾರ್ಮಿಕರವರೆಗೆ ಎಲ್ಲರೂ ಬೀದಿಗಿಳಿದಿದ್ದರು. ಸ್ಟೇಡಿಯಮ್ಮಿನ ಅಳತೆಪಟ್ಟಿಯನ್ನು ವಿರೋಧಿಸಿದ ನಾವು ಮನೆಯ ಪಡಸಾಲೆಯ ಅಳತೆಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡೆವು.

ಕಣ್ಣಿನ ಆಕಾರದ ವಿಷಯದಲ್ಲೂ ನಾವು ನಿರಪರಾಧಿಗಳೇನಲ್ಲ. ಮಣಿಪುರ, ನಾಗಾಲ್ಯಾಂಡ್, ಮಿಜೋರಾಂಗಳಿಂದ ಬಂದು ನಮ್ಮ ನಗರಗಳ ಹೋಟೆಲು, ಬ್ಯೂಟಿ ಪಾರ್ಲರ್, ಆಸ್ಪತ್ರೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರನ್ನು ಅವರ ಕಣ್ಣು ನೋಡಿ ಚೀನಾದವರೆಂದು ಕೂಗುವವರು ನಮ್ಮ ಬೀದಿಗಳಲ್ಲೂ ಇದ್ದಾರೆ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಬೆದರಿ ಸಾವಿರಾರು ಈಶಾನ್ಯ ಭಾರತೀಯರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಮುಸ್ಲಿಮರು ಹಲ್ಲೆ ಮಾಡಲಿದ್ದಾರೆ ಎಂಬುದು ಆ ವದಂತಿ. ಅದನ್ನು ಹಬ್ಬಿಸಿದವರ ದುರುದ್ದೇಶ ಏನೇ ಇರಲಿ, ಅದನ್ನು ಅವರು ಅಷ್ಟು ಬೇಗ ನಂಬಿದ್ದು ಯಾಕೆ? ಮುಖ ನೋಡಿ ಪರಕೀಯರೆನ್ನುವ ಮಾತನ್ನು ಅವರು ದಿನವೂ ಕೇಳುತ್ತಿದ್ದರು ಎಂಬುದೂ ಒಂದು ಕಾರಣ. ಗಡ್ಡ, ಟೋಪಿ, ಬುರ್ಖಾ ನೋಡಿ ಅನುಮಾನಿಸುವವರ ಬಗ್ಗೆ ನಾವು ಇದೇ ಪತ್ರಿಕೆಗಳಲ್ಲಿ ಎಷ್ಟೋ ಬರೆದಿದ್ದೇವೆ. ರೂಪ ನೋಡಿ ಅನುಮಾನಿಸಿಕೊಳ್ಳುವ ನೋವು ಗೊತ್ತಿರುವ ಸಮುದಾಯಕ್ಕೆ ಕೊರಿಯದ ಆ ದುಭಾಷಿಯ ಕತೆ ಉಳಿದವರಿಗಿಂತ ಬೇಗ ಅರ್ಥವಾಗಬೇಕು.

ಹುಬ್ಬು ಕೀಳುವುದನ್ನು ಖಂಡಿಸುವ ಹದೀಸನ್ನು ನಮ್ಮ ಭಾಷಣಕಾರರು ಆಗಾಗ ಉದ್ಧರಿಸುತ್ತಾರೆ. ಅದರ ಮುಂದಿನ ಭಾಗವನ್ನು ಹೇಳುವುದು ಕಡಿಮೆ. ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರು ಈ ಮಾತನ್ನು ಹೇಳಿದಾಗ ಕುರ್‌ಆನ್ ಬಲ್ಲ ಉಮ್ಮು ಯಅ್‌ಕೂಬ್ ಎಂಬ ಮಹಿಳೆ ನೇರವಾಗಿ ಅವರ ಬಳಿಗೆ ಬಂದು, ತಾನು ಗ್ರಂಥವನ್ನೆಲ್ಲ ಓದಿದ್ದೇನೆ, ಇದೆಲ್ಲಿದೆ ತೋರಿಸಿ ಎಂದು ಪ್ರಶ್ನಿಸಿದರು. ಅವರು ಆಧಾರ ಕೊಟ್ಟರು. ಆಕೆ ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಮನೆಯಾಕೆಯೂ ಇದನ್ನೇ ಮಾಡುತ್ತಿರಬಹುದು ಎಂದರು. ಹೋಗಿ ನೋಡಿ ಬನ್ನಿ ಎಂದರು ಇಬ್ನ್ ಮಸ್‌ಊದ್. ಆಕೆ ಹೋಗಿ ನೋಡಿದರು, ಆಪಾದನೆ ನಿಜವಾಗಿರಲಿಲ್ಲ. ಪ್ರಶ್ನಿಸಿದ ಹೆಣ್ಣನ್ನು ಅವರು ಗದರಿಸಲಿಲ್ಲ, ಮನೆ ಬಾಗಿಲನ್ನು ತೆರೆದಿಟ್ಟರು. ಸೌಂದರ್ಯದ ಗೀಳಿನ ವಿರುದ್ಧ ಜುಮಾ ಖುತ್ಬಾದಲ್ಲಿ ಮಾತಾಡುವ ನಮ್ಮ ಗುರುಗಳು, ಜಮಾಅತಿನ ಮುಖಂಡರು, ನಮ್ಮಂಥ ಲೇಖಕರು ಈ ಪರೀಕ್ಷೆಗೆ ಸಿದ್ಧರಿದ್ದಾರೆಯೇ? ನಿಮ್ಮ ಮಗನಿಗೆ ಹೆಣ್ಣು ಹುಡುಕುವಾಗ ಬಣ್ಣ ಕೇಳಿದಿರಾ ಎಂದು ಒಬ್ಬ ಹೆಣ್ಣುಮಗಳು ಎದ್ದುನಿಂತು ಕೇಳಿದರೆ, ಬಂದು ನೋಡಿ ಎಂದು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ?

ರೆಪ್ಪೆಯ ಸೌಂದರ್ಯ ಚಿಕಿತ್ಸೆ ಇಂದಲ್ಲ ನಾಳೆ ನಮ್ಮ ಊರುಗಳಿಗೂ ಬರಬಹುದು. ಕೊರಿಯದ ಧಾರಾವಾಹಿಗಳು ಈಗಾಗಲೇ ನಮ್ಮ ಮಕ್ಕಳ ಮೊಬೈಲಿನಲ್ಲಿವೆ. ಆಗ ನಮ್ಮ ಹೆಣ್ಮಕ್ಕಳಿಗೆ ಹರಾಮಿನ ಪಟ್ಟಿಯೊಂದನ್ನು ಕೊಟ್ಟು ಸುಮ್ಮನಾಗುವುದು ಸಾಲದು. ವೈದ್ಯರು ಅಪಾಯಗಳನ್ನು ಮುಚ್ಚಿಡದೆ ಹೇಳುವಂತೆ ನಾವು ಒತ್ತಾಯಿಸಬೇಕು. ಬಡವರಲ್ಲಿ ರೆಪ್ಪೆಯ ಚಿಕಿತ್ಸೆ ನಿಜವಾಗಿ ಬೇಕಾದವರಿದ್ದಾರೆ. ದೃಷ್ಟಿ ಮಂಜಾದ ಮುದುಕರು, ರೆಪ್ಪೆ ಇಳಿಬಿದ್ದ ಮಕ್ಕಳು, ಕಣ್ಣು ಮುಚ್ಚಲಾಗದ ಕುಷ್ಠರೋಗಿಗಳು. ಅವರನ್ನು ಗುರುತಿಸಿ ಚಿಕಿತ್ಸೆ ಕೊಡಿಸುವ ಕೆಲಸವನ್ನು ನಮ್ಮ ಜಮಾಅತುಗಳು ಝಕಾತಿನ ಹಣದಿಂದ ಮಾಡಬಹುದು. ಅದಕ್ಕಿಂತ ಮುಖ್ಯವಾಗಿ, ಹೆಣ್ಣು ನೋಡಲು ಹೋಗುವ ಕಾರು ಹತ್ತುವ ಮೊದಲು ಗಂಡಿನ ಕಡೆಯವರು ಏನನ್ನು ನೋಡಲು ಹೋಗುತ್ತಿದ್ದೇವೆ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು.